ಸೈತಾನನ ಕಾಗದವೋ, ನರಕದ ಬಸ್ಸೋ, ಚಿನ್ನದ ಮೂಟೆಯೋ: ಮೊದಲು ಯಾವುದನ್ನು ಓದುವುದು?

ನಮ್ಮ ಮನೆಗೆ ವರ್ಷಕ್ಕೆ ಎರಡು ಸಲ ದೊಡ್ಡಮ್ಮ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, "ನಂಗೇನೂ ಬೇಡ ಕಣೇ, ಸುಮ್ನೆ ಅರ್ಧ ಲೋಟ ಕಾಫಿ ಕೊಡು ಸಾಕು" ಅನ್ನುತ್ತಿದ್ದರು. ಆ ಅರ್ಧ ಲೋಟಕ್ಕೆ ಡಿಕಾಕ್ಷನ್ ಹೊಸದಾಗಿ ಇಳಿದಿರಬೇಕು. ಹಾಲು ಆಗಷ್ಟೇ ಉಕ್ಕಿರಬೇಕು, ಆದರೆ ಕೆನೆ ಬೀಳಬಾರದು. ಸಕ್ಕರೆ ಮುಕ್ಕಾಲು ಚಮಚ. ಲೋಟ ಸ್ಟೀಲಿನದು. ಅಮ್ಮ ಮೂರು ಸಲ ಒಲೆ ಹಚ್ಚುತ್ತಿದ್ದಳು. ತಾನು ಯಾರಿಗೂ ತೊಂದರೆ ಕೊಡದ, ಇದ್ದುದರಲ್ಲೇ ತೃಪ್ತಿ ಪಡುವ ಹೆಂಗಸು ಅಂತ ದೊಡ್ಡಮ್ಮ ಕೊನೆಯವರೆಗೂ ನಂಬಿದ್ದರು.

ಎಷ್ಟೋ ವರ್ಷದ ಮೇಲೆ ಒಂದು ಇಂಗ್ಲಿಷ್ ಪುಸ್ತಕದಲ್ಲಿ ದೊಡ್ಡಮ್ಮ ಸಿಕ್ಕರು. ಅಲ್ಲಿ ಆಕೆ ಕಾಫಿ ಕೇಳುವುದಿಲ್ಲ. ತೆಳುವಾದ, ಆದರೆ ತೀರಾ ತೆಳುವಲ್ಲದ ಟೀ ಕೇಳುತ್ತಾಳೆ. ಜೊತೆಗೆ ಗರಿಗರಿಯಾದ ಒಂದೇ ಒಂದು ಚೂರು ಟೋಸ್ಟ್. ಪಕ್ಕದಲ್ಲಿ ನಿಂತ ಹಿರಿಯ ಸೈತಾನನೊಬ್ಬ ತನ್ನ ಕಿರಿಯನಿಗೆ ಪಾಠ ಹೇಳುತ್ತಾನೆ: ಹೊಟ್ಟೆಬಾಕತನ ಅಂದರೆ ಜಾಸ್ತಿ ತಿನ್ನುವುದು ಅಂತ ಜನ ತಿಳಿದಿದ್ದಾರಲ್ಲ, ಅದೇ ನಮಗೆ ಲಾಭ. ಕಡಿಮೆ ತಿನ್ನುವವಳೂ ತನ್ನ ನಾಲಿಗೆಯ ಗುಲಾಮಳಾಗಿರಬಹುದು, ಮನೆಯವರನ್ನೆಲ್ಲ ಅದಕ್ಕೆ ದುಡಿಸಬಹುದು, ಅದು ಅವಳ ಗಮನಕ್ಕೇ ಬರುವುದಿಲ್ಲ. ನಾನು ಜೋರಾಗಿ ನಕ್ಕೆ. ಆಮೇಲೆ ಹಿಂದಿನ ಭಾನುವಾರ ದೋಸೆ ಗರಿಯಾಗಿಲ್ಲ ಅಂತ ಎರಡು ಸಲ ವಾಪಸ್ ಕಳಿಸಿದ್ದು ನೆನಪಾಯಿತು. ನಗು ನಿಂತಿತು.

ಅದು ಸಿ. ಎಸ್. ಲೂಯಿಸ್ ಬರೆದ 'ದಿ ಸ್ಕ್ರೂಟೇಪ್ ಲೆಟರ್ಸ್', 17ನೇ ಕಾಗದ. ಕೆಡುಕಿನ ಬಗ್ಗೆ ನಗಿಸುತ್ತಲೇ ಚುಚ್ಚುವ ಇಂಥ ಕ್ರೈಸ್ತ ವ್ಯಂಗ್ಯ ಕಥೆಗಳ ಸಾಲೇ ಇದೆ. "ಯಾವುದರಿಂದ ಶುರು ಮಾಡಲಿ?" ಅಂತ ಗೆಳೆಯರು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲಾಗುವುದಿಲ್ಲ. ನಾಲ್ಕನ್ನು ಇಲ್ಲಿ ಹತ್ತಿರದಿಂದ ಹೋಲಿಸುತ್ತೇನೆ, ಇನ್ನು ಮೂರನ್ನು ದಾರಿಯಲ್ಲಿ ಮುಟ್ಟಿ ಹೋಗುತ್ತೇನೆ. ಓದಲು ನೀವು ಕ್ರೈಸ್ತರೇ ಆಗಿರಬೇಕಿಲ್ಲ. ನಾನಂತೂ ಅಲ್ಲ.

ಒಂದು ಪದದ ವಿಷಯ

ಕನ್ನಡ ಬೈಬಲಿನಲ್ಲಿ ಯೇಸು ಕಲಿಸಿದ ಪ್ರಾರ್ಥನೆ ಇದೆಯಲ್ಲ, ಅದರಲ್ಲಿ ಈ ಸಾಲು ಬರುತ್ತದೆ: "ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು." ಈ 'ಶೋಧನೆ' ಮೊದಲು ನನಗೆ ವಿಚಿತ್ರವಾಗಿ ಕೇಳಿಸಿತ್ತು. ನಮಗೆ ಶೋಧನೆ ಅಂದರೆ ಹುಡುಕುವುದು, ಇಲ್ಲವೇ ಸೋಸುವುದು. ಆಸೆ ತೋರಿಸಿ ಕೆಡಿಸುವುದಕ್ಕೆ ಈ ಪದ ಯಾಕೆ? ನೋಡಿದರೆ ಮೂಲದ ಗ್ರೀಕ್ ಪದಕ್ಕೇ ಎರಡು ಅರ್ಥ. ಒಂದು, ಆಸೆ ಹುಟ್ಟಿಸಿ ಬೀಳಿಸುವುದು. ಇನ್ನೊಂದು, ಗಟ್ಟಿಯೋ ಜೊಳ್ಳೋ ಅಂತ ಪರೀಕ್ಷಿಸಿ ನೋಡುವುದು. ಸೋಸಿದಾಗ ತಾನೇ ಕಲ್ಲು ಯಾವುದು, ಕಾಳು ಯಾವುದು ಗೊತ್ತಾಗುವುದು?

ಪುಸ್ತಕ ಆರಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಕೆಲವು ಕಥೆಗಳಲ್ಲಿ ಸೈತಾನ ಬೀಳಿಸಲು ಬರುತ್ತಾನೆ. ಕೆಲವದರಲ್ಲಿ ಸೋಸಲು ಬರುತ್ತಾನೆ. ನಿಮಗೆ ಯಾವುದು ಬೇಕು ಅಂತ ಮೊದಲು ನೋಡಿಕೊಳ್ಳಿ.

ಸ್ಕ್ರೂಟೇಪ್: ಆಫೀಸಿನಲ್ಲಿ ಕೂತ ಸೈತಾನ

ಈ ಪುಸ್ತಕ ಹೊಳೆದದ್ದು 1940ರ ಜುಲೈನಲ್ಲಿ, ಆಕ್ಸ್‌ಫರ್ಡ್ ಪಕ್ಕದ ಹೆಡಿಂಗ್ಟನ್ ಕ್ವಾರಿಯ ಚರ್ಚಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಲೂಯಿಸ್ ರೇಡಿಯೋದಲ್ಲಿ ಹಿಟ್ಲರನ ಭಾಷಣ ಕೇಳಿದ್ದರು. ಭಾಷಣ ನಡೆಯುವಷ್ಟು ಹೊತ್ತು ಅದು ನಿಜವೇ ಇರಬಹುದೇನೋ ಅನ್ನಿಸಿತು ಅಂತ ಅಣ್ಣನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಅದೇ ಪತ್ರದಲ್ಲಿ ಪುಸ್ತಕದ ಯೋಚನೆಯೂ ಇದೆ: ನಿವೃತ್ತನಾದ ಮುದಿ ಸೈತಾನನೊಬ್ಬ, ಮೊದಲ ಸಲ ಕೆಲಸಕ್ಕಿಳಿದ ಎಳೆಯ ಸೈತಾನನಿಗೆ ಕಾಗದ ಬರೆಯುತ್ತಾನೆ. 1941ರಲ್ಲಿ ಈ ಕಾಗದಗಳು 'ದಿ ಗಾರ್ಡಿಯನ್' ಎಂಬ ವಾರಪತ್ರಿಕೆಯಲ್ಲಿ ಬಂದವು. ಈಗಿನ ದಿನಪತ್ರಿಕೆಯಲ್ಲ, ಅದೇ ಹೆಸರಿನ ಚರ್ಚ್ ಪತ್ರಿಕೆ. ಒಟ್ಟು 31 ಕಾಗದ, ಒಂದಕ್ಕೆ 2 ಪೌಂಡ್ ಸಂಭಾವನೆ. ಅದನ್ನು ಲೂಯಿಸ್ ಮುಟ್ಟದೆ ದಾನಕ್ಕೆ ಕೊಟ್ಟುಬಿಟ್ಟರು. ಪುಸ್ತಕ ಬಂದದ್ದು 1942ರಲ್ಲಿ. ಹಳ್ಳಿಯ ಪಾದ್ರಿಯೊಬ್ಬರು, ಈ ಕಾಗದಗಳಲ್ಲಿರುವ ಬುದ್ಧಿಮಾತು ತಪ್ಪಷ್ಟೇ ಅಲ್ಲ, ಸೈತಾನನಿಗೇ ಒಪ್ಪುವಂತಿದೆ ಅಂತ ಬರೆದು ಚಂದಾ ನಿಲ್ಲಿಸಿದರಂತೆ. ಅವರಿಗೆ ವ್ಯಂಗ್ಯ ಹತ್ತಿರಲಿಲ್ಲ ಪಾಪ.

ಬರೆಯುವವನು ಸ್ಕ್ರೂಟೇಪ್, ಓದುವವನು ವರ್ಮ್‌ವುಡ್. ಇಂಗ್ಲಿಷಿನಲ್ಲಿ 'ಅಂಕಲ್' ಅಂದರೆ ಮುಗಿಯಿತು. ಕನ್ನಡದಲ್ಲಿ ಹೇಳುವಾಗ ದೊಡ್ಡಪ್ಪನೋ, ಚಿಕ್ಕಪ್ಪನೋ, ಮಾವನೋ ಅಂತ ಒಂದನ್ನು ಆರಿಸಲೇಬೇಕು. ನನ್ನ ಮಟ್ಟಿಗೆ ಇವನು ಸೋದರಮಾವ. ಕಿವಿಯಲ್ಲಿ ಊದುವ ಸೋದರಮಾವ ಅಂದರೆ ನಮಗೆ ಬೇರೆ ಪರಿಚಯ ಬೇಕಾಗಿಲ್ಲ, ಅಲ್ವಾ?

ಇವನಿಗೆ ಕೊಂಬಿಲ್ಲ, ಬಾಲವಿಲ್ಲ. ಇವನು ಅಧಿಕಾರಿ. ಇವನ ನರಕ ಒಂದು ದೊಡ್ಡ ಕಚೇರಿ: ಇಲಾಖೆ, ವರದಿ, ತರಬೇತಿ ಕಾಲೇಜು, ಮೇಲಿನವನ ಭಯ, ಕೆಳಗಿನವನ ಮೇಲೆ ಸಿಟ್ಟು. ಈಗ ಕೆಡುಕು ನಡೆಯುವುದು ಕತ್ತಲ ಗುಹೆಯಲ್ಲಿ ಅಲ್ಲ, ಬೆಚ್ಚಗಿನ, ಒಳ್ಳೆ ಬೆಳಕಿನ ಕೋಣೆಗಳಲ್ಲಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ದನಿ ಎತ್ತದೆ ಮಾತಾಡುವವರಿಂದ ಎಂದು ಲೂಯಿಸ್ ನಂತರದ ಮುನ್ನುಡಿಯಲ್ಲಿ ಹೇಳುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಒಂದು ಸಹಿಗೆ ನಾಲ್ಕು ಸಲ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಕಾಗದದ ಒಂದು ಪ್ರಸಂಗ ನೋಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ನಾಸ್ತಿಕನೊಬ್ಬ ಓದುತ್ತಾ ಕೂತಿದ್ದಾನೆ. ಅವನ ಯೋಚನೆ ಹೇಗೋ ದೇವರ ಕಡೆ ತಿರುಗತೊಡಗುತ್ತದೆ. ಇಪ್ಪತ್ತು ವರ್ಷದ ಶ್ರಮ ಹಾಳಾಗುವುದನ್ನು ಸ್ಕ್ರೂಟೇಪ್ ನೋಡುತ್ತಾನೆ. ವಾದಕ್ಕೆ ಇಳಿಯುವುದಿಲ್ಲ. 'ಊಟದ ಹೊತ್ತಾಯಿತಲ್ಲ' ಅಂತ ಮನಸ್ಸಿಗೆ ತರುತ್ತಾನೆ, ಅಷ್ಟೇ. ಇಷ್ಟು ದೊಡ್ಡ ವಿಷಯವನ್ನು ಹಸಿದ ಹೊಟ್ಟೆಯಲ್ಲಿ ಯೋಚಿಸಬಾರದು ಅಂತ ಆ ಮನುಷ್ಯನೇ ತೀರ್ಮಾನಿಸುತ್ತಾನೆ. ಬೀದಿಗೆ ಬಂದರೆ ಪೇಪರ್ ಮಾರುವ ಹುಡುಗ ಕೂಗುತ್ತಿದ್ದಾನೆ, 73ನೇ ನಂಬರಿನ ಬಸ್ ಹೋಗುತ್ತಿದೆ. ಇದೇ ನಿಜ ಜೀವನ, ಉಳಿದದ್ದೆಲ್ಲ ಪುಸ್ತಕದ ಭ್ರಮೆ ಅನ್ನಿಸುತ್ತದೆ. ಮೆಟ್ಟಿಲಿಳಿಯುವುದರೊಳಗೆ ಕೆಲಸ ಮುಗಿದಿದೆ.

ನಮ್ಮ ಕಥೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕನಕದಾಸರ ನಳಚರಿತ್ರೆ ಗೊತ್ತಿದ್ದವರಿಗೆ ಕಲಿಯೂ ಗೊತ್ತು. ಮಹಾಭಾರತದಲ್ಲಿ ಅವನು ಹನ್ನೆರಡು ವರ್ಷ ಕಾಯುತ್ತಾನೆ. ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯಾವಂದನೆಗೆ ನಿಂತದ್ದೇ ತಡ, ಒಳಹೊಗುತ್ತಾನೆ. ಸಣ್ಣ ಲೋಪಕ್ಕೆ ಕಾಯುವುದರಲ್ಲಿ ಕಲಿಯೂ ಸ್ಕ್ರೂಟೇಪನೂ ಒಂದೇ. ಆದರೆ ಕಲಿ ಹೊಕ್ಕ ಮೇಲೆ ಜೂಜಾಡುವ ನಳ ನಮ್ಮ ಕಣ್ಣಿಗೆ ಅರ್ಧ ಅಪರಾಧಿ ಮಾತ್ರ. ಲೂಯಿಸ್ ಆ ಅರ್ಧವನ್ನೂ ಬಿಡುವುದಿಲ್ಲ. ಸ್ಕ್ರೂಟೇಪ್ ಒಳಗೆ ಬರುವುದೇ ಇಲ್ಲ, ಪಕ್ಕದಲ್ಲಿ ನಿಂತು ಸೂಚಿಸುತ್ತಾನೆ. ಮಾಡುವುದು ನಾವೇ.

ಸಣ್ಣತನವೇ ಈ ಪುಸ್ತಕದ ಬಂಡವಾಳ. ನರಕಕ್ಕೆ ಹೋಗುವ ಒಳ್ಳೆಯ ದಾರಿ ಇಳಿಜಾರಿನದು: ಕಾಲಿಗೆ ಮೆತ್ತಗೆ, ತಿರುವಿಲ್ಲ, ಮೈಲಿಗಲ್ಲಿಲ್ಲ. ಇಸ್ಪೀಟಿನಿಂದಲೇ ಕೆಲಸ ಆಗುವುದಾದರೆ ಕೊಲೆ ಮಾಡಿಸುವ ತಾಪತ್ರಯ ಯಾಕೆ ಅಂತ ಸ್ಕ್ರೂಟೇಪ್ ಕೇಳುತ್ತಾನೆ. ಇನ್ನೊಂದು ಕಾಗದದಲ್ಲಿ ತನ್ನವರ ಗುಟ್ಟನ್ನು ತಾನೇ ಬಿಟ್ಟುಕೊಡುತ್ತಾನೆ: ಇಷ್ಟು ಸಂಶೋಧನೆ ಮಾಡಿದರೂ ಒಂದೇ ಒಂದು ಸುಖವನ್ನೂ ನಮ್ಮಿಂದ ತಯಾರಿಸಲು ಆಗಿಲ್ಲ. ಸುಖವೆಲ್ಲ ದೇವರದು. ಸೈತಾನರು ಅದನ್ನು ತಪ್ಪು ಹೊತ್ತಿನಲ್ಲಿ, ತಪ್ಪು ಅಳತೆಯಲ್ಲಿ ಬಡಿಸಬಹುದು, ಅಷ್ಟೇ. ಕೆಡುಕಿಗೆ ಸ್ವಂತದ್ದು ಅಂತ ಏನೂ ಇಲ್ಲ, ಹಾಲಿದ್ದರೆ ತಾನೇ ಅದು ಒಡೆಯುವುದು? ಸಂತ ಅಗಸ್ಟೀನನ ಕಾಲದಿಂದ ಬಂದ ಈ ವಿಚಾರವನ್ನು ದೊಡ್ಡ ಗ್ರಂಥಗಳಲ್ಲಿ ಓದಿ ನನಗೆ ಅರ್ಥವಾಗಿರಲಿಲ್ಲ. ಗೊಣಗುವ ಒಬ್ಬ ಅಧಿಕಾರಿಯ ಬಾಯಲ್ಲಿ ಅರ್ಥವಾಯಿತು.

ಕಷ್ಟಗಳೂ ಇವೆ. ಇಲ್ಲಿ ಎಲ್ಲವೂ ತಲೆಕೆಳಗು. 'ಶತ್ರು' ಅಂದರೆ ದೇವರು. 'ಕೆಳಗಿರುವ ನಮ್ಮ ತಂದೆ' ಅಂದರೆ ಸೈತಾನ. 'ಪೇಷಂಟ್' ಅಂದರೆ ವರ್ಮ್‌ವುಡ್ ಹಿಂದೆ ಬಿದ್ದಿರುವ ಆ ಬಡಪಾಯಿ. ಮೊದಲ ಎರಡು ಕಾಗದ ಓದುವಾಗ ಗೊಂದಲ ಖಂಡಿತ. ಹೆಂಗಸರ ಬಗ್ಗೆ ಬರುವ ಕೆಲವು ಮಾತು ಹಳೆಯ ಕಾಲೇಜು ಮೇಷ್ಟರ ಮಾತಿನಂತಿದೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಒಂದೇ ಸಲಕ್ಕೆ ಕೂತು ಓದಿದರೆ ಉಸಿರುಗಟ್ಟುತ್ತದೆ. ಬರೆದವರಿಗೂ ಹಾಗೇ ಆಗಿತ್ತು. ಇಷ್ಟು ಕಡಿಮೆ ಖುಷಿಯಿಂದ ತಾನು ಬೇರೇನನ್ನೂ ಬರೆದಿಲ್ಲ ಅಂತ ಲೂಯಿಸ್ ಹೇಳಿಕೊಂಡಿದ್ದಾರೆ. ರಾತ್ರಿಗೆ ಒಂದು ಕಾಗದ ಸಾಕು. ತಿಂಗಳಿಗೆ ಸರಿಯಾಗಿ ಮುಗಿಯುತ್ತದೆ.

ನರಕದಿಂದ ಹೊರಟ ಬಸ್ಸು

ಅದೇ ಲೂಯಿಸರ 'ದಿ ಗ್ರೇಟ್ ಡಿವೋರ್ಸ್' ಮೊದಲು ಅದೇ ಪತ್ರಿಕೆಯಲ್ಲಿ ಕಂತುಗಳಾಗಿ ಬಂದು, 1945ರಲ್ಲಿ ಪುಸ್ತಕವಾಯಿತು. ಹೆಸರು ನೋಡಿ ಗಂಡ ಹೆಂಡತಿ ಕೋರ್ಟಿಗೆ ಹೋದ ಕಥೆ ಅಂದುಕೊಳ್ಳಬೇಡಿ. ಬೇರೆಯಾಗುವುದು ಸ್ವರ್ಗ ಮತ್ತು ನರಕ.

ಯಾವಾಗಲೂ ಮುಸ್ಸಂಜೆ, ಯಾವಾಗಲೂ ಜಿಟಿಜಿಟಿ ಮಳೆ ಇರುವ ಒಂದು ಬೂದು ಬಣ್ಣದ ಪಟ್ಟಣ. ಅಲ್ಲಿ ಬಸ್ಸಿಗೆ ಕ್ಯೂ. ಕ್ಯೂನಲ್ಲೇ ಜಗಳ. ಬಸ್ಸು ಸ್ವರ್ಗದ ಅಂಚಿಗೆ ಹೋಗುತ್ತದೆ. ಇಷ್ಟ ಇದ್ದವರು ಅಲ್ಲೇ ಉಳಿಯಬಹುದು, ತಡೆಯುವವರಿಲ್ಲ. ಆದರೆ ಹೆಚ್ಚಿನವರು ವಾಪಸ್ ಬಸ್ ಹತ್ತುತ್ತಾರೆ. ಯಾಕೆ? ಆ 'ಯಾಕೆ'ಯೇ ಪುಸ್ತಕ.

ಇಲ್ಲಿ ಬೀಳಿಸುವ ಸೈತಾನ ಕಾಣುವುದೇ ಇಲ್ಲ. ಬಿದ್ದವರು ಏಳಲು ಒಲ್ಲೆ ಅನ್ನುವುದನ್ನು ನೋಡುತ್ತೇವೆ. ನೆಪೋಲಿಯನ್ ಪಟ್ಟಣದಾಚೆ ಲಕ್ಷಾಂತರ ಮೈಲಿ ದೂರದಲ್ಲಿ ಒಂದು ಬಂಗಲೆ ಕಟ್ಟಿಕೊಂಡು ಹಗಲಿರುಳು ಅತ್ತಿಂದಿತ್ತ ಓಡಾಡುತ್ತಿದ್ದಾನೆ. ತಪ್ಪು ಆ ಸೇನಾಪತಿಯದು, ಈ ಸೇನಾಪತಿಯದು, ಹೆಂಡತಿಯದು, ಇಂಗ್ಲಿಷರದು ಅಂತ ಗೊಣಗುತ್ತಲೇ ಇದ್ದಾನೆ. ಒಬ್ಬ ಬಿಷಪ್ ಬಂದು ಸ್ವರ್ಗದ ಹುಲ್ಲಿನ ಮೇಲೆ ನಿಂತೂ, ನರಕದಲ್ಲಿ ನಮ್ಮದೊಂದು ಧರ್ಮಚರ್ಚೆಯ ಸಂಘ ಇದೆ, ಶುಕ್ರವಾರ ನಾನು ಪ್ರಬಂಧ ಓದಬೇಕು ಅಂತ ಹೊರಟುಬಿಡುತ್ತಾನೆ. ಸಾಹಿತ್ಯ ಸಮಾರಂಭಗಳಿಗೆ ಹೋಗುವ ಅಭ್ಯಾಸ ನಿಮಗಿದ್ದರೆ ಈ ಪುಟ ತಪ್ಪಿಸಬೇಡಿ.

ನನಗೆ ಮರೆಯಲಾಗದ್ದು ಹಲ್ಲಿಯ ಪ್ರಸಂಗ. ಒಬ್ಬನ ಹೆಗಲ ಮೇಲೆ ಕೆಂಪು ಹಲ್ಲಿ ಕೂತು ಕಿವಿಯಲ್ಲಿ ಲೊಚಗುಟ್ಟುತ್ತಿದೆ. ಅದು ಅವನ ಕಾಮ. ಬೆಂಕಿಯಂತೆ ಹೊಳೆಯುವ ದೇವದೂತನೊಬ್ಬ, "ಇದನ್ನು ಕೊಲ್ಲಲೇ?" ಅನ್ನುತ್ತಾನೆ. ಅಯ್ಯೋ, ಅಷ್ಟು ತೊಂದರೆ ಯಾಕೆ ತಗೋತೀರಿ? ನೋಡಿ, ಅದಾಗಲೇ ಮಲಗಿದೆ. ಒಂದೇ ಸಲ ಬೇಡ, ನಿಧಾನವಾಗಿ ಬಿಡಿಸಿದರೆ ಒಳ್ಳೆಯದಲ್ಲವೇ? ಈವತ್ತು ಮೈ ಸರಿಯಿಲ್ಲ, ನಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿ ಬರುತ್ತೇನೆ. ದೇವದೂತ ಒಂದಕ್ಕೂ ವಾದ ಮಾಡುವುದಿಲ್ಲ. ಕೊಲ್ಲಲೇ, ಕೊಲ್ಲಲೇ ಅಂತ ಅದೇ ಪ್ರಶ್ನೆ. ಒಪ್ಪಿಗೆ ಸಿಗದೆ ಅವನು ಮುಟ್ಟುವಂತಿಲ್ಲ. ಸಿಗರೇಟು ಬಿಡಲು ಒದ್ದಾಡಿದವರು, ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ನೋಡುವವರು ಈ ಮೂರು ಪುಟವನ್ನು ತಮ್ಮದೇ ದನಿಯಲ್ಲಿ ಓದುತ್ತಾರೆ. ಕೊನೆಗೆ ಒಪ್ಪಿದಾಗ ಹಲ್ಲಿ ಸತ್ತು ಬೀಳುತ್ತದೆ, ಬಿದ್ದಲ್ಲೇ ಬಿಳಿಯ ದೊಡ್ಡ ಕುದುರೆಯಾಗಿ ಏಳುತ್ತದೆ. ಅವನು ಅದನ್ನೇರಿ ಬೆಟ್ಟದ ಕಡೆ ಹೋಗುತ್ತಾನೆ.

ಎರಡರಲ್ಲಿ ಯಾವುದು? ಸ್ಕ್ರೂಟೇಪ್ ಜಾಸ್ತಿ ಜಾಣ, ಜಾಸ್ತಿ ನಗಿಸುತ್ತದೆ. ಬಸ್ಸಿನ ಕಥೆ ಜಾಸ್ತಿ ಮನುಷ್ಯರದು. ಮನೆಯಲ್ಲಿ ಸದಾ ಗೊಣಗುವವರನ್ನು ನೋಡಿಕೊಂಡು ಸುಸ್ತಾಗಿದ್ದರೆ, ಅಥವಾ ನಿಮಗೇ ಯಾವುದೋ ಹಳೆಯ ಸಿಟ್ಟು ಬಿಡಲಾಗದೆ ಇದ್ದರೆ ಬಸ್ ಹತ್ತಿ. ಇಂಗ್ಲಿಷೂ ಸುಲಭ, ಪುಸ್ತಕವೂ ಚಿಕ್ಕದು. ಕಥೆಯ ನಡುವೆ ಗುರುವೊಬ್ಬರು ಬಂದು ವ್ಯಾಖ್ಯಾನ ಶುರು ಮಾಡುವ ಕಡೆ ಮಾತ್ರ ಸ್ವಲ್ಪ ಬೋರು. ಅಲ್ಲಿ ನಾನು ಪುಟ ಹಾರಿಸಿದ್ದೇನೆ.

ಚಿನ್ನದ ಮೂಟೆ: ಒಂದು ರಾತ್ರಿ ಮಾತ್ರ ಇದ್ದರೆ

ಪುಸ್ತಕ ಓದುವ ಪುರುಸೊತ್ತೇ ಇಲ್ಲ, ಒಂದೇ ಒಂದು ಕಥೆ ಹೇಳಿ ಅಂದರೆ ನಾನು ಕೊಡುವುದು 1899ರಲ್ಲಿ ಅಚ್ಚಾದ ಮಾರ್ಕ್ ಟ್ವೈನನ 'ದಿ ಮ್ಯಾನ್ ದಟ್ ಕರಪ್ಟೆಡ್ ಹ್ಯಾಡ್ಲಿಬರ್ಗ್'. ಟ್ವೈನ್ ಭಕ್ತನಲ್ಲ. ಇದು ಕ್ರೈಸ್ತ ಕಥೆ ಹೇಗಾಗುತ್ತದೆ ಅಂತ ಕೇಳಬಹುದು. ಆದರೆ ಕಥೆಯ ಕೀಲಿ ಇರುವುದೇ ಆಗ ಹೇಳಿದ ಪ್ರಾರ್ಥನೆಯ ಸಾಲಿನಲ್ಲಿ.

ಹ್ಯಾಡ್ಲಿಬರ್ಗ್ ಪ್ರಾಮಾಣಿಕತೆಗೆ ಹೆಸರಾದ ಊರು. ತೊಟ್ಟಿಲಿನಿಂದಲೇ ಮಕ್ಕಳಿಗೆ ಅದನ್ನು ಕಲಿಸುತ್ತಾರೆ. ಆಸೆ ಹುಟ್ಟಿಸುವ ಯಾವುದೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ' ಎಂಬುದೇ ಊರಿನ ಮೊಹರಿನ ಮೇಲಿನ ಮಾತು. ಈ ಊರು ಯಾವಾಗಲೋ ಒಬ್ಬ ಅಪರಿಚಿತನ ಮನಸ್ಸು ನೋಯಿಸಿರುತ್ತದೆ. ಅವನು ಸೇಡು ತೀರಿಸಲು ಕತ್ತಿ ತರುವುದಿಲ್ಲ. ಒಂದು ರಾತ್ರಿ ಬ್ಯಾಂಕಿನ ಮುದಿ ಗುಮಾಸ್ತ ರಿಚರ್ಡ್ಸ್ ಮನೆಯಲ್ಲಿ ಒಂದು ಮೂಟೆ ಇಟ್ಟು ಹೋಗುತ್ತಾನೆ. ಜೊತೆಗಿಟ್ಟ ಚೀಟಿಯ ಪ್ರಕಾರ ಒಳಗೆ 160 ಪೌಂಡ್ 4 ಔನ್ಸ್ ತೂಕದ ಚಿನ್ನದ ನಾಣ್ಯ, ಬೆಲೆ 40,000 ಡಾಲರ್. ಹಿಂದೊಮ್ಮೆ ಜೂಜಾಡಿ ಹಾಳಾಗಿದ್ದ ನನಗೆ ಈ ಊರಿನವರೊಬ್ಬರು 20 ಡಾಲರ್ ಕೊಟ್ಟು ಒಂದು ಬುದ್ಧಿಮಾತು ಹೇಳಿದರು. ಆ ಮಾತು ಏನೆಂದು ಸರಿಯಾಗಿ ಬರೆದುಕೊಟ್ಟವರಿಗೆ ಈ ಮೂಟೆ.

ಅಂಥ ದಾನ ಮಾಡುವ ಗುಣ ಊರಿನಲ್ಲಿ ಒಬ್ಬನಿಗೇ ಇದ್ದದ್ದು. ಅವನು ಸತ್ತಿದ್ದಾನೆ. ಆಮೇಲೆ ಊರಿನ 19 ದೊಡ್ಡ ಮನೆಗಳಿಗೆ ಒಂದೊಂದು ಗುಟ್ಟಿನ ಕಾಗದ ಬರುತ್ತದೆ, ಎಲ್ಲರಿಗೂ ಒಂದೇ ಒಕ್ಕಣೆ: ಆ ಮಾತು ಇದು, ಸತ್ತವನು ನಿಮಗೆ ಋಣಿಯಾಗಿದ್ದನಂತೆ, ಹಕ್ಕು ನಿಮ್ಮದೇ. ಆ ರಾತ್ರಿ 19 ಮನೆಯಲ್ಲೂ ದೀಪ ಆರುವುದಿಲ್ಲ. ತಾನು ಅವನಿಗೆ ಮಾಡಿದ ಉಪಕಾರ ಯಾವುದು? ಮುದುಕ ರಿಚರ್ಡ್ಸ್ ಹಾಸಿಗೆಯಲ್ಲಿ ಮಲಗಿ ಒಂದೊಂದನ್ನೇ ಕಲ್ಪಿಸಿಕೊಳ್ಳುತ್ತಾನೆ. ನೀರಿಗೆ ಬಿದ್ದಾಗ ಕಾಪಾಡಿದೆನೋ? ಇಲ್ಲ, ಹಾಗಾಗಿದ್ದರೆ ಊರಿಗೇ ಗೊತ್ತಿರುತ್ತಿತ್ತು. ಮೇಲಾಗಿ ನನಗೆ ಈಜು ಬರುವುದಿಲ್ಲ. ಆದರೂ ಹುಡುಕುತ್ತಾನೆ. ಹುಡುಕಿದಾಗ ಒಂದು ಸಿಗುತ್ತದೆ, ಸಿಕ್ಕಿದ್ದು ಮೆಲ್ಲಗೆ ನಿಜವಾಗುತ್ತದೆ. ಪಕ್ಕದಲ್ಲಿ ಹೆಂಡತಿ ದುಡ್ಡನ್ನು ಹೇಗೆ ಖರ್ಚು ಮಾಡುವುದು ಅಂತ ಲೆಕ್ಕ ಹಾಕುತ್ತಿದ್ದಾಳೆ. ಸುಳ್ಳು ಹುಟ್ಟುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಮುಂದೇನಾಯಿತು ಅಂತ ಪೂರ್ತಿ ಹೇಳುವುದಿಲ್ಲ. ಪುರಭವನದಲ್ಲಿ ಊರೆಲ್ಲ ಸೇರಿದಾಗ ಒಂದೊಂದೇ ಲಕೋಟೆ ಒಡೆಯುವ ದೃಶ್ಯವನ್ನು ನೀವೇ ಓದಿ. ಮೂಟೆಯಲ್ಲಿ ಇದ್ದದ್ದು ಗಿಲೀಟು ಹಾಕಿದ ಸೀಸದ ಬಿಲ್ಲೆ ಅಂತ ಮಾತ್ರ ಹೇಳುತ್ತೇನೆ. ಕೊನೆಗೆ ಊರು ಹೆಸರು ಬದಲಿಸಿಕೊಳ್ಳುತ್ತದೆ. ಮೊಹರಿನ ಮೇಲಿದ್ದ ಮಾತಿನಿಂದ 'ಬೇಡ' ಎಂಬ ಅರ್ಥದ ಒಂದು ಪದವನ್ನೂ ತೆಗೆದುಹಾಕುತ್ತದೆ. ಈಗ ಅದು, ನಮ್ಮನ್ನು ಶೋಧನೆಯೊಳಗೆ ಸೇರಿಸು.

ಇದು ಸೋಸುವ ಕಥೆ. ಅಪರಿಚಿತ ಇವರನ್ನು ಕೆಡಿಸಲಿಲ್ಲ, ಜರಡಿ ಹಿಡಿದ. ಒಮ್ಮೆಯೂ ಪರೀಕ್ಷೆಗೆ ಕೂರದವನು ತಾನೇ ರ‍್ಯಾಂಕ್ ವಿದ್ಯಾರ್ಥಿ ಅಂದುಕೊಂಡಂತೆ ಈ ಊರು. ಲೂಯಿಸರಲ್ಲಿ ಸಿಗದ ಒಂದು ವಿಷಯ ಇಲ್ಲಿ ಸಿಗುತ್ತದೆ: ಇಡೀ ಊರು ಒಟ್ಟಿಗೆ ಹೇಗೆ ಬೀಳುತ್ತದೆ, ಬೀಳುವಾಗ ಒಬ್ಬರಿಗೊಬ್ಬರು ಹೇಗೆ ಕಾಣುತ್ತಾರೆ ಅನ್ನುವುದು. ಸಿಗದೇ ಇರುವುದು ಕ್ಷಮೆ. ರಿಚರ್ಡ್ಸ್ ದಂಪತಿಗೆ ಆಗುವುದನ್ನು ಓದಿ ನನಗೆ ಎರಡು ದಿನ ಮಂಕು ಕವಿದಿತ್ತು.

ಇನ್ನೊಬ್ಬ ಸೈತಾನನ ಕಾಗದ

ಟ್ವೈನ್ ಕೂಡ ಸೈತಾನನಿಂದ ಕಾಗದ ಬರೆಸಿದ್ದಾನೆ. 'ಲೆಟರ್ಸ್ ಫ್ರಮ್ ದಿ ಅರ್ಥ್' ಬರೆದದ್ದು 1909ರಲ್ಲಿ, ಸಾಯುವ ಹಿಂದಿನ ವರ್ಷ. ಮಗಳು ಕ್ಲಾರಾ ಬಹಳ ಕಾಲ ಒಪ್ಪದೆ, ಅಚ್ಚಾದದ್ದು 1962ರಲ್ಲಿ. ವ್ಯಂಗ್ಯದ ಮಾತಾಡಿದ್ದಕ್ಕೆ ಸ್ವರ್ಗದಿಂದ ಒಂದು ದಿನದ ಮಟ್ಟಿಗೆ ಗಡೀಪಾರಾದ ಸೈತಾನ ಭೂಮಿಗೆ ಬಂದು, ಮೈಕೇಲ್ ಮತ್ತು ಗೇಬ್ರಿಯಲ್ ಎಂಬ ಇಬ್ಬರು ದೇವದೂತರಿಗೆ ವರದಿ ಕಳಿಸುತ್ತಾನೆ. ಸ್ವರ್ಗದ ಒಂದು ದಿನ ಅಂದರೆ ಇಲ್ಲಿಯ ಸಾವಿರ ವರ್ಷ.

ಈ ಸೈತಾನ ಯಾರನ್ನೂ ಬೀಳಿಸುವುದಿಲ್ಲ. ನೋಡುತ್ತಾನೆ, ಬೆರಗಾಗುತ್ತಾನೆ. ಹೆಚ್ಚಿನ ಮನುಷ್ಯರಿಗೆ ಎರಡು ಗಂಟೆ ಮೀರಿ ಹಾಡು ಕೇಳಲು ತಾಳ್ಮೆಯಿಲ್ಲ, ಆದರೂ ಅವರ ಸ್ವರ್ಗದಲ್ಲಿ ಕಾಲ ಮುಗಿಯುವವರೆಗೂ ಹಾಡೇ ಹಾಡು. ಅವರು ಎಲ್ಲಕ್ಕಿಂತ ಹೆಚ್ಚು ಬಯಸುವ ದಾಂಪತ್ಯದ ಸುಖಕ್ಕೆ ಅಲ್ಲಿ ಜಾಗವೇ ಇಲ್ಲ. ನೋಹನ ಹಡಗಿನಲ್ಲಿ ನೊಣ ಒಂದು ಬಿಟ್ಟುಹೋಗಿತ್ತು ಅಂತ ಹಡಗು ತಿರುಗಿಸಿ ಹೋಗಿ ಅದನ್ನು ಹತ್ತಿಸಿಕೊಂಡು ಬರುತ್ತಾರೆ. ನೊಣದ ಕಾಲಿಗೆ ಅಂಟಿಕೊಂಡು ರೋಗಗಳೂ ಹತ್ತುತ್ತವೆ. ನಗು ಅಲ್ಲಿಗೇ ಕಹಿಯಾಗುತ್ತದೆ. ಕೆಡುಕು ಯಾರದು ಅಂದರೆ ಟ್ವೈನನ ಬೆರಳು ನೇರ ಮೇಲಕ್ಕೆ ತೋರಿಸುತ್ತದೆ.

ಎರಡು ಕಾಗದದ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟರೆ ಚಂದ. ಲೂಯಿಸರ ಸೈತಾನ ಸುಳ್ಳ. ಅವನು ಹೇಳಿದ್ದನ್ನೆಲ್ಲ ನಾವು ಮಗುಚಿ ಹಾಕಿ ಓದಬೇಕು. ಟ್ವೈನನ ಸೈತಾನ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ. ತಿರುಗಿಸಿ ಉತ್ತರ ಹುಡುಕುವ ಕಷ್ಟ ನಮ್ಮ ತಲೆಗೆ. ನಂಬಿಕೆಯುಳ್ಳ ಗೆಳೆಯರಿಗೆ ಇದನ್ನು ಮೊದಲು ಕೊಡಬೇಡಿ, ನೋಯುತ್ತದೆ. ದೇವರ ಮೇಲೆ ನಿಮಗೇ ಸಿಟ್ಟಿದ್ದರೆ, ಒಂದು ಸಾವೋ ಕಾಯಿಲೆಯೋ ಮನೆಯಲ್ಲಿ ಆಗಿ ಲೂಯಿಸರ ಜಾಣ ಮಾತು ರುಚಿಸದಿದ್ದರೆ, ಇದು ಜೊತೆಗಿರುತ್ತದೆ. ಬರೆಯುವ ಹೊತ್ತಿಗೆ ಟ್ವೈನ್ ಹೆಂಡತಿಯನ್ನೂ ಒಬ್ಬ ಮಗಳನ್ನೂ ಕಳೆದುಕೊಂಡಿದ್ದ. ಅದೇ ವರ್ಷದ ಕೊನೆಗೆ ಇನ್ನೊಬ್ಬ ಮಗಳೂ ಹೋದಳು. ಆ ಕಹಿ ಸುಮ್ನೆ ಬಂದದ್ದಲ್ಲ.

ದಾರಿಯಲ್ಲಿ ಸಿಕ್ಕ ಮೂರು

ಟಾಲ್‌ಸ್ಟಾಯ್ 1886ರಲ್ಲಿ ಬರೆದ ಒಂದು ಪುಟ್ಟ ಕಥೆ ಇದೆ, ಮಕ್ಕಳಿಗೂ ಹೇಳಬಹುದು. ಬಡ ರೈತನ ರೊಟ್ಟಿ ಚೂರನ್ನು ಮರಿ ಸೈತಾನ ಕದಿಯುತ್ತದೆ, ಅವನು ಬೈಯಲಿ ಅಂತ. ರೈತ, "ಪಾಪ, ಹಸಿದವರು ಯಾರೋ ತಗೊಂಡಿರಬೇಕು, ತಿಂದು ಚೆನ್ನಾಗಿರಲಿ" ಅಂದುಬಿಡುತ್ತಾನೆ. ಕೆಲಸ ಕೆಟ್ಟ ಮರಿಗೆ ದೊಡ್ಡ ಸೈತಾನ ಮೂರು ವರ್ಷ ಗಡುವು ಕೊಡುತ್ತಾನೆ. ಅದು ಕೂಲಿಯಾಳಾಗಿ ಬಂದು ರೈತನಿಗೆ ಸಹಾಯವನ್ನೇ ಮಾಡುತ್ತದೆ. ಬರದ ವರ್ಷ ಜೌಗಿನಲ್ಲಿ ಬಿತ್ತಿಸುತ್ತದೆ, ಮಳೆ ಹೆಚ್ಚಾದ ವರ್ಷ ದಿಬ್ಬದ ಮೇಲೆ. ಕಣಜ ತುಂಬಿ ತುಳುಕುತ್ತದೆ. ಮಿಕ್ಕ ಕಾಳಿನಿಂದ ಸಾರಾಯಿ ಕಾಯಿಸಲು ಕಲಿಸುತ್ತದೆ. ಮೊದಲ ಸುತ್ತಿಗೆ ನೆಂಟರೆಲ್ಲ ನರಿಗಳಂತೆ ಒಬ್ಬರನ್ನೊಬ್ಬರು ಹೊಗಳುತ್ತಾರೆ, ಎರಡನೆಯದಕ್ಕೆ ತೋಳಗಳಂತೆ ಕಚ್ಚಾಡುತ್ತಾರೆ, ಮೂರನೆಯದಕ್ಕೆ ಹಂದಿಗಳಂತೆ ಕೆಸರಲ್ಲಿ ಬಿದ್ದಿರುತ್ತಾರೆ. ಏನು ಬೆರೆಸಿದೆ ಅಂತ ದೊಡ್ಡವನು ಕೇಳಿದರೆ ಮರಿ ಏನೂ ಇಲ್ಲ ಅನ್ನುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಬೆಳೆ ಕೊಟ್ಟೆ, ಅಷ್ಟೇ. ಮೃಗದ ರಕ್ತ ಮೊದಲೇ ಒಳಗಿತ್ತು. ಬೀಳಿಸುವುದೂ ಸೋಸುವುದೂ ಒಂದೇ ಕಥೆಯಲ್ಲಿ, ಅದೂ ನಾಲ್ಕೈದು ಪುಟದಲ್ಲಿ. ಬೋಧನೆಯ ವಾಸನೆ ಇದೆ, ನಿಜ. ನನಗೆ ಅಡ್ಡಿಯಾಗಲಿಲ್ಲ.

ಬುಲ್ಗಾಕೋವನ 'ದಿ ಮಾಸ್ಟರ್ ಆ್ಯಂಡ್ ಮಾರ್ಗರಿಟಾ' ದೊಡ್ಡ ಕಾದಂಬರಿ. 1940ರಲ್ಲಿ ಅವನು ಸತ್ತ ಮೇಲೆ, 1966ರಿಂದ 67ರಲ್ಲಿ ಒಂದು ಮಾಸ್ಕೋ ಪತ್ರಿಕೆಯಲ್ಲಿ ಕತ್ತರಿ ಹಾಕಿಸಿಕೊಂಡು ಬೆಳಕು ಕಂಡಿತು. ಸೈತಾನ ಮಾಸ್ಕೋಗೆ ಬಂದು ನಾಟಕಶಾಲೆಯಲ್ಲಿ ನೋಟಿನ ಮಳೆ ಸುರಿಸಿ ಜನ ಹೇಗಿದ್ದಾರೆ ಅಂತ ಕೂತು ನೋಡುತ್ತಾನೆ. ಜರಡಿ ಹಿಡಿಯುವ ಸೈತಾನರಲ್ಲಿ ಇವನೇ ರಾಜ. ಆದರೆ ಇದು ಕ್ರೈಸ್ತ ವ್ಯಂಗ್ಯಕ್ಕಿಂತ ಬಹಳ ಬೇರೆಯದೂ ಹೌದು. ಇಲ್ಲಿಂದ ಶುರು ಮಾಡಬೇಡಿ, ಇಲ್ಲಿಗೆ ಬನ್ನಿ.

1990ರ 'ಗುಡ್ ಓಮೆನ್ಸ್' ಬರೀ ತಮಾಷೆಗೆ. ಹಳೆಯ ಸೈತಾನರು ಒಬ್ಬೊಬ್ಬ ಪಾದ್ರಿಯನ್ನೇ ಹಿಡಿದು ವರ್ಷಗಟ್ಟಲೆ ಕೆಡಿಸುತ್ತಿದ್ದರೆ, ಹೊಸ ಕಾಲದ ಕ್ರೌಲಿ ಊಟದ ಹೊತ್ತಿನಲ್ಲಿ ಲಂಡನ್ ನಡುಭಾಗದ ಮೊಬೈಲ್ ಫೋನುಗಳನ್ನೆಲ್ಲ 45 ನಿಮಿಷ ಕೆಡಿಸಿ, ಸಾವಿರಾರು ಜನ ಕೈಗೆ ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳುವಂತೆ ಮಾಡುತ್ತಾನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಈ ತಂತ್ರ ಹೊಸದಲ್ಲ.

ಕೊಳ್ಳುವ ಮೊದಲು, ಕೊಡುವ ಮೊದಲು

ಟ್ವೈನನ ಮೂಟೆಯ ಕಥೆ, ಟಾಲ್‌ಸ್ಟಾಯ್ ಕಥೆಯ ಹಳೆಯ ಇಂಗ್ಲಿಷ್ ಅನುವಾದ, ಎರಡೂ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಲೂಯಿಸ್ ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಹಾಗಾಗಿ ಸ್ಕ್ರೂಟೇಪ್ 2024ರ ಜನವರಿಯಿಂದ ಭಾರತದಲ್ಲಿ ಎಲ್ಲರದ್ದು. ಕನ್ನಡಕ್ಕೆ ತರುವ ಆಸೆ ಇದ್ದವರು ಕೈ ಹಾಕಬಹುದು. ಆದರೆ ಅದು ಬರೀ ಅನುವಾದದ ಕೆಲಸವಲ್ಲ. ಆ ಟೀ ಟೋಸ್ಟನ್ನು ಅರ್ಧ ಲೋಟ ಕಾಫಿ ಮಾಡಬೇಕೋ ಬೇಡವೋ ಅಂತ ಮೊದಲ ವಾರವೇ ತಲೆ ಕೆಡುತ್ತದೆ. ನಾನಾದರೆ ಟೀಯನ್ನೇ ಉಳಿಸುತ್ತೇನೆ. ಕಾಫಿ ಓದುವವರ ತಲೆಯಲ್ಲಿ ತಾನಾಗಿ ಇಳಿಯುತ್ತದೆ.

ಕಣ್ಣಿಗೆ ಸುಸ್ತಾಗುವವರಿಗೆ ಸ್ಕ್ರೂಟೇಪ್ ಕೇಳುವ ಪುಸ್ತಕವಾಗಿಯೂ ಇದೆ. ನಟ ಜಾನ್ ಕ್ಲೀಸ್ ಓದಿದ್ದು ಚೆನ್ನಾಗಿದೆ, ಆ ಅಧಿಕಾರಿಯ ಸಿಡಿಮಿಡಿ ದನಿಯಲ್ಲೇ ಬರುತ್ತದೆ.

ಉಡುಗೊರೆ ಕೊಡುವುದಾದರೆ ಹದಿಹರೆಯದವರಿಗೆ ಹ್ಯಾಡ್ಲಿಬರ್ಗ್, ವಯಸ್ಸಾದವರಿಗೆ ಬಸ್ಸಿನ ಕಥೆ. ಸ್ಕ್ರೂಟೇಪನ್ನು ಮಾತ್ರ ನೆಂಟರಿಗೆ ಕೊಡುವ ಮೊದಲು ಯೋಚಿಸಿ. ಕೊಟ್ಟರೆ ಹೊಸ ಪ್ರತಿ ಕೊಡಿ. ನನ್ನ ಪ್ರತಿಯನ್ನು ದೊಡ್ಡಮ್ಮನ ಮಗ, ನಮ್ಮಣ್ಣ, ಓದಲು ಒಯ್ದಿದ್ದ. 17ನೇ ಕಾಗದದ ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ 'ದೊಡ್ಡಮ್ಮ' ಅಂತ ಬರೆದಿದ್ದೆ, ಅಳಿಸುವುದು ಮರೆತಿತ್ತು. ಎರಡು ತಿಂಗಳ ಮೇಲೆ ತಂದುಕೊಟ್ಟ. ಚೆನ್ನಾಗಿದೆ ಕಣೋ ಅಂದ, ಅಮ್ಮ ಮಾಡಿದ ಕಾಫಿ ಕುಡಿದು ಹೋದ. ರಾತ್ರಿ ತೆಗೆದು ನೋಡಿದರೆ ನನ್ನ ಪೆನ್ಸಿಲಿನ ಕೆಳಗೆ ಅವನ ದುಂಡು ಅಕ್ಷರದಲ್ಲಿ, ಪೆನ್ನಿನಲ್ಲಿ, ಒಂದೇ ಪದ: 'ದೋಸೆ'.